ಯೋಚಿಸುವ ಮಕ್ಕಳು ಕೋಚಿಂಗ್‌ನಲ್ಲಿ ತಯಾರಾಗುವುದಿಲ್ಲ

ರಾಯಚೂರು, ಸಿಂಧನೂರು, ಗಂಗಾವತಿ, ಬಳ್ಳಾರಿ, ಹೀಗೆ ಯಾವ ಊರಿನ ಬಸ್ ನಿಲ್ದಾಣದ ಸುತ್ತ ಕಣ್ಣು ಹಾಯಿಸಿದರೂ ನವೋದಯ, ಸೈನಿಕ, ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆಗೆ ತರಬೇತಿ ಕೊಡುವವರ ಫಲಕಗಳು ಕಾಣುತ್ತವೆ. ಅಲ್ಲಿ ಕಲಿಯುವವರು ಒಂಬತ್ತು, ಹತ್ತು ವರ್ಷದ ಮಕ್ಕಳು. ಹಲವರು ಮನೆ ಬಿಟ್ಟು ಅಲ್ಲೇ ಉಳಿದು ಓದುತ್ತಾರೆ. ತಂದೆತಾಯಿಗಳನ್ನು ದೂರುವಂತಿಲ್ಲ. ಮುದಗಲ್ಲಿನ ಅಥವಾ ಕುಕನೂರಿನ ನವೋದಯದಲ್ಲಿ ಮಗುವಿಗೆ ಸೀಟು ಸಿಕ್ಕಿತೆಂದರೆ ಹನ್ನೆರಡನೇ ತರಗತಿಯವರೆಗೆ ಊಟ, ವಸತಿ, ಓದಿನ ಚಿಂತೆ ಇಲ್ಲ. ಮಳೆ ನಂಬಿ ಒಕ್ಕಲುತನ ಮಾಡುವ ಮನೆಗೆ ಅದು ಸಣ್ಣ ಮಾತಲ್ಲ. ಒಂದು ವಿದ್ಯಾಲಯಕ್ಕೆ ವರ್ಷಕ್ಕೆ 80 ಸೀಟು, ಜಿಲ್ಲೆಯ ತುಂಬ ಆಸೆಗಣ್ಣುಗಳು.

ನವೋದಯದ ಪ್ರವೇಶ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಎರಡು ಗಂಟೆಯಲ್ಲಿ 80 ಪ್ರಶ್ನೆ. ಅವುಗಳಲ್ಲಿ 40 ‘ಮಾನಸಿಕ ಸಾಮರ್ಥ್ಯ’ದ ಪ್ರಶ್ನೆಗಳು: ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಈ ಆಕೃತಿ ಹೇಗೆ ಕಾಣುತ್ತದೆ, ಮಡಚಿ ತೂತು ಮಾಡಿದ ಕಾಗದವನ್ನು ಬಿಡಿಸಿದರೆ ಏನಾಗುತ್ತದೆ. ಹೆಚ್ಚು ಪುಸ್ತಕ ಕಾಣದ ಹಳ್ಳಿಯ ಮಗುವೂ ತನ್ನ ಬುದ್ಧಿಯಿಂದಲೇ ಬಿಡಿಸಬಹುದಾದ ಪ್ರಶ್ನೆಗಳಿವು. ಆದರೆ ತರಬೇತಿಯಲ್ಲಿ ಇವನ್ನು ಬಗೆ ಬಗೆಯಾಗಿ ವಿಂಗಡಿಸಿ, ಒಂದೊಂದು ಬಗೆಗೂ ಒಂದು ಸೂತ್ರ ಕೊಟ್ಟು, ನೂರಾರು ಸಲ ಬಿಡಿಸಿಸುತ್ತಾರೆ. ಮಗು ಚಿತ್ರವನ್ನು ನೋಡುವುದನ್ನು ಬಿಟ್ಟು ಅದು ಎಷ್ಟನೇ ಬಗೆಯದು ಎಂದು ಹುಡುಕತೊಡಗುತ್ತದೆ. ಯೋಚನೆಯನ್ನು ಅಳೆಯಲು ಇಟ್ಟ ಪರೀಕ್ಷೆ ಹೀಗೆ ಬಾಯಿಪಾಠದ ಪರೀಕ್ಷೆಯಾಗುತ್ತದೆ. ಸೀಟು ಸಿಗದ ಮಗುವಿನ ಕೈಯಲ್ಲಿ ಕೊನೆಗೆ ಉಳಿಯುವುದು ಬೇರೆಲ್ಲೂ ಬಳಕೆಗೆ ಬಾರದ ಆ ಸೂತ್ರಗಳು.

ಮಕ್ಕಳಿಗೆ ಯೋಚಿಸುವುದನ್ನು ಕಲಿಸಬೇಕು ಎಂಬ ಮಾತು ಸರ್ಕಾರದ ಕಡೆಯಲ್ಲೂ ಈಗ ಜೋರಾಗಿ ಕೇಳುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಮರ್ಶಾತ್ಮಕ ಚಿಂತನೆಯನ್ನು ಮತ್ತೆ ಮತ್ತೆ ಹೇಳುತ್ತದೆ, ಮೂರರಿಂದ ಎಂಟು ವರ್ಷದವರೆಗಿನ ಹಂತವನ್ನು ಬುನಾದಿ ಎನ್ನುತ್ತದೆ. ಖಾಸಗಿ ಶಾಲೆಗಳಿಗೆ ಇದು ಪ್ರಚಾರದ ಕರಪತ್ರದಲ್ಲಿ ಹಾಕಿಕೊಳ್ಳುವ ಮಾತಾಗಿದೆ. ಮುಂದಿನ ಹೆಜ್ಜೆ ಏನಿರಬಹುದು ಎಂದು ಊಹಿಸುವುದು ಕಷ್ಟವಲ್ಲ: ಚಿಂತನೆಗೊಂದು ಅಭ್ಯಾಸ ಪುಸ್ತಕ, ವಾರಕ್ಕೊಂದು ಪೀರಿಯಡ್, ವರ್ಷದ ಕೊನೆಗೆ ಅದಕ್ಕೂ ಅಂಕ. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಿಗೆ ಈ ದಾರಿ ಬೇಡವೇ ಬೇಡ ಎಂಬುದು ನನ್ನ ನಿಲುವು. ಯೋಚಿಸುವುದು ಪ್ರತ್ಯೇಕವಾಗಿ ಕಲಿಸುವ ಪಾಠವಲ್ಲ. ಮಗುವಿಗೆ ಚೆನ್ನಾಗಿ ಗೊತ್ತಿರುವ ವಸ್ತುವಿನ ಮೇಲೆ, ಅದರ ಮಾತಿಗೆ ಕಿವಿ ಕೊಡುವ ದೊಡ್ಡವರ ಎದುರು, ‘ನಿನಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅದು ಬೆಳೆಯುತ್ತದೆ.

ಇಷ್ಟು ಚಿಕ್ಕ ಮಕ್ಕಳಿಗೆ ಅದೆಲ್ಲ ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಸಾಧ್ಯವಿದೆ. ಅದೂ ನಾವು ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ. ಮೂರು, ನಾಲ್ಕು ವರ್ಷದ ಮಕ್ಕಳ ಮುಂದೆ ಇಬ್ಬರು ದೊಡ್ಡವರು ಕುಳಿತು, ಮಕ್ಕಳಿಗೆ ಗೊತ್ತಿರುವ ವಸ್ತುಗಳ ಹೆಸರನ್ನು ಒಬ್ಬರು ಸರಿಯಾಗಿಯೂ ಇನ್ನೊಬ್ಬರು ತಪ್ಪಾಗಿಯೂ ಹೇಳಿದರೆ, ಆಮೇಲೆ ಹೊಸ ವಸ್ತುವಿನ ಹೆಸರಿಗೆ ಮಕ್ಕಳು ಸರಿ ಹೇಳಿದವರ ಕಡೆಗೇ ಒಲಿಯುತ್ತಾರೆ. ಸಂಶೋಧಕರಾದ ಮೆಲಿಸ್ಸಾ ಕೋನಿಗ್, ಫ್ಯಾಬ್ರಿಸ್ ಕ್ಲೆಮಾಂ, ಪಾಲ್ ಹ್ಯಾರಿಸ್ ಇದನ್ನು 2004ರಲ್ಲಿ ತೋರಿಸಿಕೊಟ್ಟರು. ಅಂದರೆ ಅಂಗನವಾಡಿಯ ಮಗು ಹೇಳಿದ್ದನ್ನೆಲ್ಲ ನುಂಗುವುದಿಲ್ಲ. ಯಾರ ಮಾತನ್ನು ಎಷ್ಟು ನಂಬಬೇಕು ಎಂಬ ಲೆಕ್ಕ ಆ ವಯಸ್ಸಿಗೇ ಶುರುವಾಗಿರುತ್ತದೆ.

ಹಾಗಾದರೆ ಒಂದನೇ, ಎರಡನೇ ತರಗತಿಗೆ ಬರುವಷ್ಟರಲ್ಲಿ ಮಕ್ಕಳು ಸುಮ್ಮನಾಗುವುದೇಕೆ? ಇದಕ್ಕೆ ಹಳೆಯದೊಂದು ಪ್ರಯೋಗ ಒಳ್ಳೆಯ ಸುಳಿವು ಕೊಡುತ್ತದೆ. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಸಮಾನ ಸಂಖ್ಯೆಯ ಬಿಲ್ಲೆಗಳ ಎರಡು ಸಾಲು ಜೋಡಿಸಿ ‘ಎರಡೂ ಸಮವೇ?’ ಎಂದು ಕೇಳುತ್ತಿದ್ದರು. ಮಕ್ಕಳು ಹೌದೆನ್ನುತ್ತಿದ್ದರು. ಆಮೇಲೆ ಒಂದು ಸಾಲನ್ನು ಅಗಲಿಸಿ ಅದೇ ಪ್ರಶ್ನೆ ಕೇಳಿದರೆ, ಆರೇಳು ವರ್ಷದೊಳಗಿನ ಹಲವರು ಉದ್ದ ಸಾಲಿನಲ್ಲಿ ಹೆಚ್ಚಿದೆ ಎನ್ನುತ್ತಿದ್ದರು. ಮಕ್ಕಳಿಗೆ ಆ ವಯಸ್ಸಿನಲ್ಲಿ ತರ್ಕ ಬಂದಿರುವುದಿಲ್ಲ ಎಂಬುದು ಅದರಿಂದ ಹೊರಟ ತೀರ್ಮಾನ. 1974ರಲ್ಲಿ ಸೂಸನ್ ರೋಸ್ ಮತ್ತು ಮರಿಯನ್ ಬ್ಲ್ಯಾಂಕ್ ಎಂಬ ಸಂಶೋಧಕರು ಆ ಪ್ರಯೋಗದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಪ್ರಶ್ನೆಯನ್ನು ಎರಡು ಸಲ ಕೇಳುವ ಬದಲು, ಸಾಲು ಅಗಲಿಸಿದ ಮೇಲೆ ಒಂದೇ ಸಲ ಕೇಳಿದರು. ಸರಿಯುತ್ತರ ಕೊಟ್ಟ ಮಕ್ಕಳು ಹೆಚ್ಚಾದರು. ದೊಡ್ಡವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪಿರಬೇಕು ಎಂದುಕೊಂಡು ಹಲವು ಮಕ್ಕಳು ಉತ್ತರ ಬದಲಿಸುತ್ತಿದ್ದಿರಬೇಕು.

ನಮ್ಮ ತರಗತಿಗಳಲ್ಲಿ ಇದು ದಿನವೂ ನಡೆಯುತ್ತದೆ. ಮಗು ‘ಹನ್ನೆರಡು ಸರ್’ ಎನ್ನುತ್ತದೆ. ‘ಹೌದಾ?’ ಎಂದು ಮೇಷ್ಟ್ರು ಹುಬ್ಬೇರಿಸುತ್ತಾರೆ. ‘ಅಲ್ಲ ಸರ್, ಹದಿನಾಲ್ಕು.’ ಹನ್ನೆರಡು ಸರಿಯಾಗಿಯೇ ಇತ್ತು. ಮಗು ತನ್ನ ಲೆಕ್ಕವನ್ನು ಬಿಟ್ಟು ಮೇಷ್ಟ್ರ ಮುಖವನ್ನು ಓದಿತು. ಮರುಪ್ರಶ್ನೆ ತಪ್ಪುತ್ತರಕ್ಕೆ ಮಾತ್ರ ಬರುವುದಾದರೆ, ಮರುಪ್ರಶ್ನೆಯೇ ‘ತಪ್ಪು’ ಎಂಬುದಕ್ಕೆ ಗುರುತಾಗಿಬಿಡುತ್ತದೆ. ಆದ್ದರಿಂದ ‘ಹೇಗೆ ಗೊತ್ತಾಯಿತು?’ ಎಂದು ಸರಿ ಹೇಳಿದ ಮಗುವನ್ನೂ ಕೇಳಬೇಕು, ಅದೇ ದನಿಯಲ್ಲಿ ಕೇಳಬೇಕು. ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಪ್ಪತ್ತರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರು ಬಾಯಿಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ, ಸ್ಮಾರ್ಟ್ ಬೋರ್ಡ್ ಬೇಕಿಲ್ಲ.

ಆದರೆ ಪ್ರಶ್ನೆ ಕೇಳುವ ರೀತಿಯೊಂದೇ ಸಾಲದು. ಯಾವುದರ ಬಗ್ಗೆ ಕೇಳುತ್ತೇವೆ ಎಂಬುದು ಅದಕ್ಕಿಂತ ಮುಖ್ಯ. ತಿಳಿವಳಿಕೆ ಇಲ್ಲದ ವಿಷಯದಲ್ಲಿ ಯಾರೂ ವಿಮರ್ಶಾತ್ಮಕವಾಗಿ ಯೋಚಿಸಲಾರರು ಎಂದು ಅಮೆರಿಕದ ಮನೋವಿಜ್ಞಾನಿ ಡ್ಯಾನಿಯಲ್ ವಿಲಿಂಗ್‌ಹ್ಯಾಮ್ 2007ರಲ್ಲಿ ಬರೆದದ್ದನ್ನು ಶಿಕ್ಷಣ ಕ್ಷೇತ್ರ ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. ಅಮೂರ್ತ ಒಗಟುಗಳನ್ನು ಬಿಡಿಸಿಸಿದರೆ ಆ ಜಾಣತನ ಬೇರೆಡೆಗೆ ತಾನಾಗಿ ಹರಿಯುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನಮ್ಮ ದೇಶದ ಮಕ್ಕಳಲ್ಲೇ ತೋರಿಸಿತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ಎಂಟು ನೂರು ಗ್ರಾಂ ಆಲೂಗಡ್ಡೆಗೆ ಎಷ್ಟು, ಚಿಲ್ಲರೆ ಎಷ್ಟು ಕೊಡಬೇಕು ಎಂಬಂಥ ಲೆಕ್ಕವನ್ನು ಬಾಯಲ್ಲೇ ಹಾಕುತ್ತಾರೆ. ಅದೇ ಮಕ್ಕಳು ಪುಸ್ತಕದ ಭಾಗಾಕಾರ ಕಂಡರೆ ತಡವರಿಸುತ್ತಾರೆ. ಶಾಲೆಯ ಲೆಕ್ಕದಲ್ಲಿ ಮುಂದಿರುವ ಮಕ್ಕಳಿಗೆ ಸಂತೆಯ ಲೆಕ್ಕ ಒಲಿಯುವುದಿಲ್ಲ. ರಾಯಚೂರಿನ ಎಪಿಎಂಸಿ ಸುತ್ತಲಿನ ಓಣಿಗಳಲ್ಲಿ, ವಾರದ ಸಂತೆಯಲ್ಲಿ ತಾಯಿಯ ಪಕ್ಕ ಕುಳಿತು ತಕ್ಕಡಿ ಹಿಡಿಯುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರ ತಲೆಯೊಳಗಿನ ಗಣಿತವನ್ನು ಹೊರಗೆ ಕರೆದು ಪುಸ್ತಕದ ಗಣಿತದ ಪಕ್ಕ ಕೂರಿಸುವ ಕೆಲಸವನ್ನು ಶಾಲೆ ಮಾಡುತ್ತಿಲ್ಲ.

ನಮ್ಮ ನೆಲದಲ್ಲಿ ಯೋಚಿಸಲು ವಸ್ತುವಿಗೆ ಬರವಿಲ್ಲ. ಒಂದನ್ನು ಹತ್ತಿರದಿಂದ ನೋಡೋಣ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡಿತಿನಿ ಇದೆ. ಅದರ ಬಳಿ ಒಂದು ಬೂದಿಗುಡ್ಡ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ, ನವಶಿಲಾಯುಗದ ಜನರು ಬಿಟ್ಟುಹೋದದ್ದು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಇಂಥವು ಇನ್ನೂ ಹಲವು ಇವೆ. ಇದು ಸತ್ತ ರಾಕ್ಷಸನನ್ನು ಸುಟ್ಟ ಬೂದಿ ಎಂಬುದು ಜನರಲ್ಲಿ ಬಂದ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಕಂಡ ಇಂಗ್ಲಿಷ್ ಅಧಿಕಾರಿಗಳೂ ವಿದ್ವಾಂಸರೂ ತಮ್ಮ ತಮ್ಮ ಊಹೆ ಮಾಡಿದರು: ಜ್ವಾಲಾಮುಖಿಯ ಬೂದಿ ಇರಬಹುದು, ಕಬ್ಬಿಣ ಕರಗಿಸಿದ ಜಾಗ ಇರಬಹುದು, ಸಾಮೂಹಿಕ ಚಿತೆ ಇರಬಹುದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟ ಬೂದಿ ಎಂದರು. ಎಲ್ಲರೂ ಒಪ್ಪಲಿಲ್ಲ. ಮುಂದೆ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ರಾಯಚೂರಿಗೆ ಹತ್ತಿರದ, ಆಗಿನ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ 1957ರಲ್ಲಿ ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳು ಸಿಕ್ಕವು, ಮಣ್ಣಿನಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಅಲ್ಲಿಗೆ ವಾದ ಬಹುಮಟ್ಟಿಗೆ ತೀರಿತು.

ನಾಲ್ಕನೇ ತರಗತಿಯ ಮಕ್ಕಳಿಗೆ ಇದನ್ನು ಉತ್ತರವಾಗಿ ಹೇಳಿ, ಬಿಟ್ಟ ಸ್ಥಳ ತುಂಬಿಸಿದರೆ ಏನೂ ಆಗುವುದಿಲ್ಲ. ಗುಡ್ಡದ ಮುಂದೆ ನಿಲ್ಲಿಸಿ ಪ್ರಶ್ನೆಯಾಗಿ ಕೊಟ್ಟರೆ ಅವರೇ ಮುಂದೆ ಹೋಗುತ್ತಾರೆ, ಏಕೆಂದರೆ ಬೂದಿಯ ವಿಷಯದಲ್ಲಿ ಈ ಮಕ್ಕಳು ಅನುಭವಸ್ಥರು. ಒಲೆಯ ಬೂದಿ ತೆಗೆದು ಚೆಲ್ಲಿದವರು, ಅವ್ವನ ಜೊತೆ ಕುಳ್ಳು ತಟ್ಟಿದವರು, ಹೋಳಿಯ ಕಾಮದಹನಕ್ಕೆ ಓಣಿಯ ಕುಳ್ಳು ಕದ್ದವರು. ಕಟ್ಟಿಗೆಯ ಬೂದಿ ಹೇಗಿರುತ್ತದೆ, ಕುಳ್ಳಿನ ಬೂದಿ ಹೇಗಿರುತ್ತದೆ? ಹೆಣ ಸುಟ್ಟ ಜಾಗದಲ್ಲಿ ಬೂದಿಯ ಜೊತೆ ಇನ್ನೇನು ಸಿಗಬೇಕು? ಒಂದು ಕುಳ್ಳನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಸುಟ್ಟು, ಬೂದಿಯನ್ನು ತೂಗಿದರೆ ಎಷ್ಟು ಉಳಿಯಿತು? ನಿಮ್ಮ ಮನೆಯ ಎಮ್ಮೆ ದಿನಕ್ಕೆ ಎಷ್ಟು ಬುಟ್ಟಿ ಸಗಣಿ ಹಾಕುತ್ತದೆ? ಹಾಗಾದರೆ ಇಷ್ಟು ಬೂದಿಗೆ ಎಷ್ಟು ದನ, ಎಷ್ಟು ವರ್ಷ? ಲೆಕ್ಕ ಸರಿಯಾಗಿ ಬರಬೇಕೆಂದೇನಿಲ್ಲ. ಯಾವ ಊಹೆಯನ್ನು ಯಾವ ಗುರುತು ಹಿಡಿದು ಒಪ್ಪಬೇಕು, ಯಾವುದು ಸಿಕ್ಕರೆ ಬಿಡಬೇಕು ಎಂದು ಮಗು ಹೇಳಲು ಶುರುಮಾಡಿದರೆ ಸಾಕು. ‘ರಾಕ್ಷಸ ಆಗಿದ್ದರೆ ಎಲುಬು ಎಲ್ಲಿ ಸರ್?’ ಎಂಬ ಮಾತು ಮಗುವಿನ ಬಾಯಿಂದ ಬಂದರೆ ವಿಜ್ಞಾನದ ಒಂದು ಪಾಠ ಮುಗಿದಂತೆ.

ಇಲ್ಲಿ ಶಿಕ್ಷಕರಿಗೆ ಒಂದು ಎಚ್ಚರ ಬೇಕು. ಅಜ್ಜಿ ಹೇಳಿದ ಕಥೆಯನ್ನು ಮೂಢನಂಬಿಕೆ ಎಂದು ತರಗತಿಯಲ್ಲಿ ಹಳಿದರೆ ಮಗುವಿಗೆ ಮನೆ ಮತ್ತು ಶಾಲೆಯ ನಡುವೆ ಒಂದನ್ನು ಆರಿಸಿಕೊಳ್ಳುವ ಸಂಕಟ ಬರುತ್ತದೆ. ಬಯಲಿನ ನಡುವೆ ಇಷ್ಟು ಬೂದಿ ಎಲ್ಲಿಂದ ಬಂತು ಎಂದು ಆ ಕಥೆ ಕಟ್ಟಿದವರಿಗೂ ಅನ್ನಿಸಿತ್ತು. ಅವರೂ ಪ್ರಶ್ನೆ ಕೇಳಿ, ತಮಗೆ ದಕ್ಕಿದ ಉತ್ತರ ಕೊಟ್ಟರು. ಫೂಟ್ ಕೊಟ್ಟದ್ದು ಇನ್ನೊಂದು ಉತ್ತರ. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದನ್ನು ಕಲಿತ ಮಗು ಅಜ್ಜಿಯನ್ನು ಕಡೆಗಣಿಸುವುದಿಲ್ಲ. ಇನ್ನೂ ಒಂದು ಮಾತು ಸೇರಿಸಬಹುದು: ಸಗಣಿಯನ್ನು ಏಕೆ ಸುಟ್ಟರು, ಹಬ್ಬದ ಆಚರಣೆಗೋ, ದೊಡ್ಡಿ ಚೊಕ್ಕ ಮಾಡುವುದಕ್ಕೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ದೊಡ್ಡವರಿಗೂ ತೀರದ ಪ್ರಶ್ನೆ ಇದೆ ಎಂದು ತಿಳಿದ ಮಗುವಿಗೆ ಬರುವ ಹುರುಪೇ ಬೇರೆ.

ಮನೆಯಲ್ಲೂ ಇದಕ್ಕೆ ಅವಕಾಶಗಳು ಬರುತ್ತಲೇ ಇರುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ಕೊಪ್ಪಳ, ಗಂಗಾವತಿ, ಸಿಂಧನೂರಿನ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಭತ್ತದ ನಾಟಿಯ ಹೊತ್ತು. ಒಂದು ಗೇಟಿನಿಂದ ನೀರು ಪೋಲಾಗುತ್ತಿರುವಾಗ ಉಳಿದ ಗೇಟುಗಳನ್ನೂ ತೆರೆದು ಇನ್ನಷ್ಟು ನೀರು ಏಕೆ ಬಿಟ್ಟರು? ಮೇಲ್ನೋಟಕ್ಕೆ ತಲೆಕೆಳಗಾಗಿ ಕಾಣುವ ಈ ಪ್ರಶ್ನೆಯನ್ನು ಎಂಟು ವರ್ಷದ ಮಗು ಕೇಳಿಯೇ ಕೇಳುತ್ತದೆ. ‘ನಿನಗೆ ಅದೆಲ್ಲ ತಿಳಿಯುವುದಿಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿದರೆ, ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸದಿಂದ ಚಿಮ್ಮುವುದನ್ನೂ, ಮಟ್ಟ ಇಳಿದಂತೆ ಆ ರಭಸ ತಗ್ಗುವುದನ್ನೂ ಮಗು ತಾನೇ ಕಾಣುತ್ತದೆ. ಹರಿಯುವ ನೀರಿನಲ್ಲಿ ಹೊಸ ಗೇಟು ಇಳಿಸಬೇಕಾದರೆ ಮೊದಲು ಒತ್ತಡ ಇಳಿಯಬೇಕಿತ್ತು ಎಂಬುದನ್ನು ಅಪ್ಪ ಹೇಳಬೇಕಾಗಿಯೇ ಬರುವುದಿಲ್ಲ.

ಮಕ್ಕಳಿಗೆ ಪ್ರಶ್ನಿಸುವುದನ್ನು ಕಲಿಸಿದರೆ ಎದುರು ಮಾತಾಡುತ್ತಾರೆ, ಹಿರಿಯರ ಮಾತಿಗೆ ಬೆಲೆ ಇರುವುದಿಲ್ಲ ಎಂಬ ಭಯ ನಮ್ಮ ಮನೆಗಳಲ್ಲಿ ನಿಜವಾಗಿಯೂ ಇದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕೂಡುಕುಟುಂಬದಲ್ಲಿ, ಕೂಲಿನಾಲಿಯ ದಣಿವಿನಲ್ಲಿ, ಮಾತು ಕೇಳುವ ಮಗು ದೊಡ್ಡ ಆಸರೆ. ಆದರೆ ಹೇಳಿದ್ದನ್ನು ಪರೀಕ್ಷಿಸದೆ ನಂಬುವ ಅಭ್ಯಾಸ ಮನೆಯ ಹೊಸಿಲಲ್ಲೇ ನಿಲ್ಲುವುದಿಲ್ಲ. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ಯುವಕ ಮತ್ತು ಜೊತೆಗಿದ್ದವರು ಮಾಡಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ‘ಇದನ್ನು ಕಳಿಸಿದವರು ಯಾರು? ಅವರಿಗೆ ಹೇಗೆ ಗೊತ್ತು?’ ಎಂದು ಕೇಳುವವರು ಆ ಗುಂಪಿನಲ್ಲಿ ಇದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತು. ಈಗ ಮೊಬೈಲ್ ಐದು ವರ್ಷದ ಮಗುವಿನ ಕೈಯಲ್ಲೂ ಇದೆ. ಅದರಲ್ಲಿ ಕಂಡದ್ದೆಲ್ಲ ನಿಜವೇ ಎಂದು ಮಗು ಒಮ್ಮೆಯಾದರೂ ಕೇಳುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿರುವ ದೊಡ್ಡವರು ಏನು ಹೇಳುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಗೌರವದಿಂದ ಕೇಳುವುದನ್ನು ಕಲಿಸಬಹುದು. ‘ಅಜ್ಜಾ, ನಿಮಗೆ ಇದು ಯಾರು ಹೇಳಿದರು?’ ಎಂಬುದರಲ್ಲಿ ಅಗೌರವವೇನೂ ಇಲ್ಲ.

ಇನ್ನು ಶಾಲೆಯ ವ್ಯವಸ್ಥೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ನಲಿಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯದ ತುಂಬ ಹಬ್ಬಿದ ಈ ಪದ್ಧತಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕುಳಿತು, ಕಾರ್ಡು ಹಿಡಿದು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಸಹಪಾಠಿಯ ಜೊತೆ ಕಲಿಯುವ ಗುಂಪೂ ಅದರಲ್ಲಿ ಇದೆ. ವಿಚಾರ ಒಳ್ಳೆಯದು. ಹಲವೆಡೆ ಕಾರ್ಡು ತುಂಬುವುದೇ ಗುರಿಯಾಗಿ ಮಾತು ಕಡಿಮೆಯಾಗಿದೆ. ಅದಕ್ಕಿಂತ ದೊಡ್ಡ ಪೆಟ್ಟು ನಾಲ್ಕನೇ ತರಗತಿಯಲ್ಲಿ ಬೀಳುತ್ತದೆ. ಅಲ್ಲಿ ಮಕ್ಕಳು ಒಮ್ಮೆಗೇ ಪಠ್ಯಪುಸ್ತಕ, ಪ್ರಶ್ನೋತ್ತರ, ಗೈಡಿಗೆ ಬರುತ್ತಾರೆ. ಪ್ರವೇಶ ಪರೀಕ್ಷೆಯ ತರಬೇತಿ ಅವರನ್ನು ಹಿಡಿಯುವುದೂ ಇದೇ ವಯಸ್ಸಿನಲ್ಲಿ. ಉರುಹೊಡೆಯುವ ಅಭ್ಯಾಸ ಅಲ್ಲಿಂದ ಹತ್ತನೇ ತರಗತಿಗೆ ಸಾಗುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ ರಾಜ್ಯದ ಫಲಿತಾಂಶ 83.89 ಶೇಕಡಾದಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ನಕಲು ನಿಂತದ್ದು ಸರಿ. ಹತ್ತು ವರ್ಷ ಶಾಲೆಯಲ್ಲಿ ಕುಳಿತ ಮಗುವಿಗೆ ಸ್ವಂತವಾಗಿ ಉತ್ತರ ಬರೆಯುವ ಧೈರ್ಯ ಏಕೆ ಬರಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಶಿಕ್ಷಕರ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಈ ಭಾಗದ ಎಷ್ಟೋ ಶಾಲೆಗಳಲ್ಲಿ ಒಬ್ಬರೇ ಎರಡು ಮೂರು ತರಗತಿ ನೋಡಬೇಕು, ಖಾಲಿ ಹುದ್ದೆಗಳಲ್ಲಿ ಅತಿಥಿ ಶಿಕ್ಷಕರಿದ್ದಾರೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಇರುವುದಿಲ್ಲ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳಿಗೆ ಪುಸ್ತಕದ ಕನ್ನಡವೇ ಹೊಸದು. ಅಂಥ ಮಗು ತನ್ನ ಮಾತಿನಲ್ಲಿ ಒಂದು ಒಳ್ಳೆಯ ವಿಚಾರ ಹೇಳಿದಾಗ ಮೊದಲು ಭಾಷೆಯನ್ನು ತಿದ್ದಿದರೆ ವಿಚಾರ ಕಳೆದುಹೋಗುತ್ತದೆ. ವಿಚಾರ ಮೊದಲು, ತಿದ್ದುವುದು ಆಮೇಲೆ. ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನೇ ಹೇಳುತ್ತದೆ. ಅದು ಶಿಕ್ಷಕರ ಸೌಜನ್ಯಕ್ಕೆ ಬಿಟ್ಟ ವಿಷಯವಲ್ಲ, ಕಾನೂನು.

ಈಗ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುತ್ತಿದ್ದಾರೆ. ನಾಲ್ಕು ವರ್ಷದ ಮಗುವಿಗೆ ಅಲ್ಲಿ ಬರೆಯುವ ಪುಟಗಳ ಬದಲು ಮರಳು, ನೀರು, ಹುಣಸೆ ಬೀಜ, ಕಥೆ ಮತ್ತು ಮಾತು ಸಿಗಬೇಕು. ಶಾಲೆಗೆ ಭೇಟಿ ಕೊಡುವ ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ವರದಿಯಲ್ಲಿ ಒಂದು ಅಂಕಣ ಹೊಸದಾಗಿ ಬರಲಿ: ಇಂದು ಮಕ್ಕಳು ಕೇಳಿದ ಪ್ರಶ್ನೆಗಳು ಯಾವುವು? ಶಿಕ್ಷಕರ ಪ್ರಶ್ನೆಗಳಲ್ಲ, ಮಕ್ಕಳವು. ಎರಡು ಮೂರು ಬರೆದುಕೊಂಡು ಹೋದರೆ ಸಾಕು. ತಿಂಗಳಿಗೊಮ್ಮೆ ಬರುವ ಬ್ಯಾಗಿಲ್ಲದ ಸಂಭ್ರಮ ಶನಿವಾರವನ್ನು ನಾಲ್ಕು, ಐದನೇ ತರಗತಿಯವರಿಗೆ ಊರ ಸುತ್ತಲಿನ ಇಂಥ ಜಾಗಗಳಿಗೆ ಮೀಸಲಿಡಬಹುದು. ಬಳ್ಳಾರಿ ಕಡೆಯವರಿಗೆ ಕುಡಿತಿನಿಯ ಬೂದಿಗುಡ್ಡ, ಗಂಗಾವತಿಯವರಿಗೆ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಲಿಂಗಸುಗೂರು, ಸಿಂಧನೂರಿನವರಿಗೆ ಅಶೋಕನ ಹೆಸರನ್ನು ಬಯಲಿಗೆ ತಂದ ಮಸ್ಕಿಯ ಬಂಡೆ ಇದೆ. ಬಸ್ಸಿನ ಬಾಡಿಗೆ ಶಾಲೆಯ ಕೈಗೆ ಎಟುಕುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಿಕ್ಷಣಕ್ಕೆಂದು ತೆಗೆದಿಡುವ ಹಣದಲ್ಲಿ ಕಟ್ಟಡಗಳ ಜೊತೆಗೆ ಈ ಬಾಡಿಗೆಯೂ ಒಂದು ಸಾಲಾಗಿ ಸೇರಬೇಕು, ಮುಂದಿನ ಕ್ರಿಯಾಯೋಜನೆಯಲ್ಲೇ ಸೇರಬೇಕು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಈಗಿನಿಂದಲೇ ಠರಾವು ಮಾಡಿ ಕಳಿಸಲಿ.